ಗಂಡನ ನಗು ಕಾಯ್ದಾಕಿ

ನಮ್ಮ ಕಡೆ ಮನ್ಯಾಗ ಯಾರರ ತೀರಿಕೊಂಡ್ರ, ದಿನಕರ್ಮ ಎಲ್ಲಾ ಮುಗದು ಬಂದವರು ಹೋದ ಮ್ಯಾಲೆ ಹೆಣ್ಣುಮಕ್ಕಳ ಪಾಲಿಗೆ ಒಂದು ಕೆಲಸ ಉಳೀತದ. ಟ್ರಂಕು ತಗಿಯೋದು. ಯಾವ ಧೋತ್ರ ಯಾರಿಗೆ ಕೊಡೋದು, ಯಾವ ಕಾಗದ ಇಟಗೋಳೋದು, ಯಾವುದು ಒಲಿಗೆ ಹಾಕೋದು ಅಂತ ಕೂತು ಆರಿಸೋದು. ಇವತ್ತು ನಾ ನಿಮಗ ಹೇಳಬೇಕಂತ ಇರೋದು ಹಿಂಗ ಗಂಡನ ಟ್ರಂಕು ತಗಿಲಿಕ್ಕೆ ಹೋದ ಒಬ್ಬ ಅಮೆರಿಕಾದ ಹೆಣ್ಣುಮಗಳ ಕಥಿ. ಅಕಿ ಹೆಸರು ಈಡಿ ಆಡಮ್ಸ್. ಅಕಿ ಗಂಡನ ಟ್ರಂಕು ಮನ್ಯಾಗ ಇರಲಿಲ್ಲ, ಟಿವಿ ಕಂಪನಿಗಳ ಗೋಡೌನಿನಾಗ ಇತ್ತು. ಅದರಾಗ ಇದ್ದದ್ದು ಅರಿವಿ ಅಲ್ಲ, ಅಂವ ನಗಿಸಿದ್ದ ನಗು.

ಗಂಡನ ಹೆಸರು ಅರ್ನಿ ಕೋವ್ಯಾಕ್ಸ್. 1919ರಾಗ ನ್ಯೂ ಜೆರ್ಸಿಯ ಟ್ರೆಂಟನ್ ಅನ್ನೋ ಊರಾಗ ಹುಟ್ಟಿದಾಂವ, ಮೂಲ ಹಂಗೇರಿ ದೇಶದ ಮನಿತನ. 1950ರಾಗ ಫಿಲಡೆಲ್ಫಿಯಾದ ಒಂದು ಟಿವಿ ಸ್ಟೇಷನ್ನಿಗೆ ಕೆಲಸಕ್ಕ ಸೇರಿದ. ಮೊದಲು ಅವಗ ಕೊಟ್ಟ ಕೆಲಸದಾಗ ಒಂದು ಯಾವುದು ಗೊತ್ತೇನ್ರಿ? ಅಡಗಿ ಕಾರ್ಯಕ್ರಮ! ಹೊಟೆಲ್ಲಿನ ಅಡಗಿಯವರು ಬಂದು ಅಡಗಿ ಮಾಡಿ ತೋರಸಬೇಕು, ಇಂವ ಬಾಜೂಕ ನಿಂತು ಮಾತಾಡಬೇಕು. ಒಂದಿನ ಬರಬೇಕಾದ ಅಡಗಿಯಾಂವ ಹೊತ್ತಿಗೆ ಸರಿಯಾಗಿ ಬರಲೇ ಇಲ್ಲ. ಅರ್ನಿ ಗಾಬರಿ ಆಗಲಿಲ್ಲ. ತಾನ ತತ್ತಿದೊಂದು ಅಡಗಿ ಮಾಡಿ ತೋರಿಸಿ, ಅದಕ್ಕ ‘ಎಗ್ಸ್ ಸ್ಕಾವಾಕ್’ ಅಂತ ಹೆಸರಿಟ್ಟ. ಸ್ಕಾವಾಕ್ ಅಂದ್ರ ಏನಿಲ್ಲ, ಇಂಗ್ಲಿಷ್ ಅಕ್ಷರದಾಗ ತನ್ನ ಅಡ್ಡಹೆಸರನ್ನ ಹಿಂದುಮುಂದ ಬರದಿದ್ದ ಅಷ್ಟ.

ಅದೇ ವರ್ಷ ಮುಂಜಾನೆ 7ಕ್ಕ ಒಂದು ಕಾರ್ಯಕ್ರಮ ಶುರು ಆತು. ಆವಾಗಿನ ಕಾಲಕ್ಕ ಅಷ್ಟು ಲಗೂನ ಯಾರು ಟಿವಿ ನೋಡ್ತಾರ ಅಂತ ಜನ ಅಂತಿದ್ರು. ಆದ್ರ ಅರ್ನಿ ಜನರಿಗೆ ಅದನ್ನ ನೋಡೋ ಚಟ ಹಚ್ಚಿದ. ಅಲ್ಲೇ ಹಾಡಲಿಕ್ಕೆ ಅಂತ ಬಂದಾಕಿ ಈಡಿ. ನ್ಯೂಯಾರ್ಕಿನ ದೊಡ್ಡ ಸಂಗೀತ ಶಾಲಿ ಜೂಲಿಯಾರ್ಡಿನಾಗ ಕಲತಾಕಿ. 1954ರಾಗ ಮೆಕ್ಸಿಕೋ ಸಿಟಿಯೊಳಗ ಇಬ್ಬರದೂ ಮದುವಿ ಆತು. ಮದುವಿ ನಡಿಸಿದ್ದು ಸ್ಪ್ಯಾನಿಷ್ ಭಾಷಾದಾಗ. ಇಬ್ಬರಿಗೂ ಆ ಭಾಷಾ ಬರತಿರಲಿಲ್ಲ, ‘ಹೂಂ’ ಅನ್ನೋದು ಯಾವಾಗ ಅಂತ ಮದುವಿ ಮಾಡಸೋರ ಹೇಳಿಕೊಡಬೇಕಾತು. ನಮ್ಮ ಮದುವ್ಯಾಗ ಭಟ್ರು ಸಂಸ್ಕೃತದಾಗ ಹೇಳಿದ್ದಕ್ಕ ನಾವು ತಲಿ ಹಾಕಿದಂಗ ಅನ್ರಿ.

ಅರ್ನಿದು ಬರೇ ಬಾಯಿ ಮಾತಿನ ಹಾಸ್ಯ ಅಲ್ಲ. ಟಿವಿ ಅನ್ನೋ ಡಬ್ಬಿ ಒಳಗ ಏನೇನು ಮಾಟ ಮಾಡಬಹುದು ಅಂತ ಮೊದಲು ತೋರಿಸಿದವರಾಗ ಅಂವ ಒಬ್ಬ. ಒಂದು ಆಟದಾಗ ಅಂವ ಮೇಜಿನ ಮುಂದ ಕೂತು ಥರ್ಮಾಸಿನಿಂದ ಹಾಲು ಬಗ್ಗಸ್ತಾನ, ಹಾಲು ಕೆಳಗ ಬೀಳೋ ಬದಲಿ ಸೊಟ್ಟಗ ಬಾಜೂಕ ಹರಕೊಂಡು ಹೋಗತದ. ನೋಡೋರಿಗೆ ಮೇಜು ನೆಟ್ಟಗ ಕಾಣಸ್ತದ. ಖರೇನ ಅಂದ್ರ ಇಡೀ ಖೋಲಿನ ಓರೆಯಾಗಿ ಕಟ್ಟಿ, ಕ್ಯಾಮೆರಾನೂ ಅಷ್ಟ ಓರೆ ಇಟ್ಟಿದ್ರು. 1957ರಾಗ ಅರ್ಧಾ ತಾಸು ಒಂದು ಮಾತೂ ಇಲ್ಲದ ಕಾರ್ಯಕ್ರಮ ಮಾಡಿದ, ಅದೂ ಬಣ್ಣದಾಗ. ಇನ್ನೊಂದರಾಗ ದೊಡ್ಡ ವಾದ್ಯಮೇಳದ ಸಂಗೀತ ಹಚ್ಚಿ, ಅದರ ತಾಳಕ್ಕ ಸರಿಯಾಗಿ ಸೆಲರಿ ಸೊಪ್ಪಿನ ದಂಟು ಲಟಕ್ ಅಂತ ಮುರೀತಾವ, ಮೇಜಿನ ಖಾನಾ ದಬಕ್ ಅಂತ ಮುಚ್ಚತಾವ. ಮತ್ತ ಮೂರು ಮಂಗ್ಯಾನ ಮುಖವಾಡದವರು ಕೀಲಿ ಕೊಟ್ಟ ಗೊಂಬಿಗತೆ ಬಾಜಾ ಬಾರಿಸ್ತಿದ್ರು. ಆ ಮುಖವಾಡದ ಒಳಗ ಕೆಲವೊಮ್ಮೆ ಈಡಿನೂ ಇರತಿದ್ಲು.

ಇಷ್ಟೆಲ್ಲಾ ಮಾಡಿದಾಂವ 1962ರ ಜನವರಿ 13ಕ್ಕ ಹೋಗಿಬಿಟ್ಟ. ಲಾಸ್ ಏಂಜಲೀಸಿನಾಗ ಸ್ನೇಹಿತರ ಮನಿ ಪಾರ್ಟಿ ಮುಗಿಸಿ ಬರೋವಾಗ ಮಳ್ಯಾಗ ಕಾರು ಜಾರಿ ಕಂಬಕ್ಕ ಬಡೀತು. ಗಂಡ ಹೆಂಡತಿ ಅವತ್ತು ಬ್ಯಾರೆ ಬ್ಯಾರೆ ಕಾರಿನಾಗ ಬಂದಿದ್ರು. ಇನ್ನ ಹತ್ತು ದಿವಸಕ್ಕ ಅವಗ 43 ತುಂಬತಿದ್ವು.

ಈಗ ಈಡಿ ಪರಿಸ್ಥಿತಿ ನೋಡ್ರಿ. ವಯಸ್ಸು 34. ಹೊಟ್ಟಿಲೆ ಹುಟ್ಟಿದ ಸಣ್ಣ ಮಗಳು ಒಂದು, ಗಂಡನ ಮೊದಲನೇ ಹೆಂಡತಿ ಮಕ್ಕಳು ಎರಡು. ಅರ್ನಿಗೆ ತೆರಿಗಿ ಕಟ್ಟೋದು ಅಂದ್ರ ಅನ್ಯಾಯ ಅನಸ್ತಿತ್ತು. ಹಿಂಗಾಗಿ ಲಕ್ಷಗಟ್ಟಲೆ ಡಾಲರ್ ಸರಕಾರಕ್ಕ ಬಾಕಿ ಇಟ್ಟು ಹೋಗಿದ್ದ. ಎಬಿಸಿ ಅನ್ನೋ ಟಿವಿ ಕಂಪನಿಗೂ ಸಾಲ ಇತ್ತು. ದೊಡ್ಡ ದೊಡ್ಡ ನಟರು, ಜ್ಯಾಕ್ ಲೆಮನ್, ಫ್ರಾಂಕ್ ಸಿನಾತ್ರಾನಂಥೋರು, ಎಲ್ಲಾರೂ ಕೂಡಿ ಒಂದು ಕಾರ್ಯಕ್ರಮ ಮಾಡಿ ರೊಕ್ಕ ಎತ್ತಿ ಕೊಡ್ತೀವಿ ಅಂದ್ರು. ಈಡಿ ಬ್ಯಾಡ ಅಂದ್ಲು. ಮಕ್ಕಳನ್ನ ತಾನ ಸಾಕ್ತೀನಿ ಅಂದ್ಲು.

ಹಂಗ ಅಂದಾಕಿ ಮಾಡಿಯೂ ತೋರಿಸಿದ್ಲು. ಹಾಡಿದ್ಲು, ಸಿನಿಮಾದಾಗ ಮಾಡಿದ್ಲು, ಚುಟ್ಟಾದ ಜಾಹೀರಾತಿನಾಗ ವರ್ಷಗಟ್ಟಲೆ ಬಂದ್ಲು. ಯಾವ ಕಂಪನಿ ಗಂಡನ ಕಾರ್ಯಕ್ರಮಕ್ಕ ರೊಕ್ಕ ಹಾಕಿತ್ತೋ ಅದೇ ಕಂಪನಿದು ಇನ್ನೊಂದು ಚುಟ್ಟಾ. ಮುಂದ ಬ್ಯೂಟಿ ಪಾರ್ಲರುಗಳನ್ನೂ ತಗದ್ಲು. ತೆರಿಗಿ ಬಾಕಿ ಎಲ್ಲಾ ತೀರಿಸಿದ್ಲು. ನಡುವ ಮೊದಲನೇ ಹೆಂಡತಿ ಆ ಎರಡು ಹೆಣ್ಣುಮಕ್ಕಳು ನನಗ ಬೇಕು ಅಂತ ಕೋರ್ಟಿಗೆ ಹೋದ್ಲು. ಹುಡುಗ್ಯಾರು ಈಡಿ ಹತ್ರನ ಇರತೀವಿ ಅಂದ್ರು. ಕೋರ್ಟೂ ಹೂಂ ಅಂತು. ಮಲತಾಯಿ ಅಂದ ಕೂಡಲೆ ನಾವು ಏನೇನೋ ಮಾತಾಡ್ತೀವಿ, ಅದಕ್ಕ ಇದನ್ನ ಬೇಕಂತನ ಬರದೆ.

ಇಷ್ಟರ ನಡುವ ಅಕಿಗೆ ಒಂದು ಸುದ್ದಿ ತಿಳೀತು. ಟಿವಿ ಕಂಪನಿಯವರು ಅರ್ನಿಯ ಟೇಪುಗಳನ್ನ ಅಳಿಸಿ, ಅದರ ಮ್ಯಾಲೆ ಬ್ಯಾರೆ ಕಾರ್ಯಕ್ರಮ ತುಂಬಿಕೊಳ್ಳಿಕತ್ತಿದ್ರು. ಹಳೇ ಫಿಲ್ಮಿನ ಸುರುಳಿ ಒಗೀಲಿಕತ್ತಿದ್ರು.

ಹಂಗ್ಯಾಕ ಮಾಡ್ತಿದ್ರು ಅನ್ನೋದನ್ನ ಸ್ವಲ್ಪ ಬಿಡಿಸಿ ಹೇಳಬೇಕು. ಮೊದಮೊದಲು ಟಿವಿ ಅಂದ್ರ ನಾಟಕ ಇದ್ದಂಗ. ಅಲ್ಲಿ ಮಾಡ್ತಿದ್ರು, ಅದೇ ಹೊತ್ತಿಗೆ ಇಲ್ಲಿ ಕಾಣಿಸ್ತಿತ್ತು, ಮುಗೀತು. ಇಟ್ಟುಕೋಬೇಕು ಅಂದ್ರ ಟಿವಿ ಪರದೆ ಮುಂದ ಸಿನಿಮಾ ಕ್ಯಾಮೆರಾ ಹಚ್ಚಿ ಫಿಲ್ಮ್ ತಗೀಬೇಕಾಗಿತ್ತು. ಇದಕ್ಕ ಕಿನೆಸ್ಕೋಪ್ ಅಂತಿದ್ರು. 1956ರಾಗ ಆಂಪೆಕ್ಸ್ ಅನ್ನೋ ಕಂಪನಿ ವಿಡಿಯೋ ಟೇಪಿನ ಮಷಿನ್ ತಂತು. ಎರಡು ಇಂಚು ಅಗಲದ ಪಟ್ಟಿ, ಭಾಳ ತುಟ್ಟಿ. ಅದರ ಗುಣಾನ ಏನಂದ್ರ ಅಳಿಸಿ ಮತ್ತ ಬರೀಬಹುದು, ನಮ್ಮ ಪಾಟಿ ಇದ್ದಂಗ. ಒಮ್ಮೆ ತೋರಿಸಿದ ಹಾಸ್ಯವನ್ನ ಮತ್ತ ಯಾರು ನೋಡ್ತಾರ ಅಂತ ಅಂದುಕೊಂಡ್ರು. ಮನ್ಯಾಗ ರೊಕ್ಕಾ ಕೊಟ್ಟು ತಂದು ನೋಡೋ ಕ್ಯಾಸೆಟ್ಟು, ಸಿಡಿ ಇನ್ನೂ ಹುಟ್ಟಿರಲಿಲ್ಲ. ಗೋಡೌನಿನ ಬಾಡಿಗಿ ಬ್ಯಾರೆ.

ನನಗ ಅವರನ್ನ ಬೈಲಿಕ್ಕೆ ಬಾಯಿ ಬರಂಗಿಲ್ರಿ. ನಾವೂ ಹಳೇ ಸೀರಿ ಹರದು ಕೌದಿ ಹೊಲಿಯೋ ಮಂದಿ, ಯಾವುದನ್ನೂ ದಂಡ ಮಾಡಬಾರದು ಅಂತ ಬೆಳದವರು. ಟೇಪು ಅಳಿಸಿದವರೂ ಅದನ್ನ ಉಳಿತಾಯ ಅಂತನ ತಿಳಕೊಂಡಿದ್ರು. ಆದ್ರ ಕೌದಿಗೆ ಸೀರಿ ಹರಿಯೋ ಮೊದಲು ನಾವು ಒಮ್ಮೆ ಬಿಚ್ಚಿ ನೋಡ್ತೀವಿ, ಇದು ಅವ್ವನ ಧಾರಿ ಸೀರಿ ಅಂತ ಗೊತ್ತಾದ್ರ ಬಾಜೂಕ ಇಡ್ತೀವಿ. ಕಂಪನಿಯೊಳಗ ಹಂಗ ಬಿಚ್ಚಿ ನೋಡೋರು ಯಾರೂ ಇರಲಿಲ್ಲ. ಅವರ ಲೆಕ್ಕದಾಗ ಅದು ಇಷ್ಟು ಡಾಲರಿನ ಟೇಪು. ಈಡಿ ಲೆಕ್ಕದಾಗ ಅದು ಅರ್ನಿ.

ಗಂಡನ ವಿಮಾದಿಂದ ಬಂದ ದುಡ್ಡು, ಮ್ಯಾಲೆ ತಾನು ದುಡದದ್ದು, ಎರಡನ್ನೂ ಹಾಕಿ ಅಕಿ ಉಳಿದ ಟೇಪು, ಫಿಲ್ಮು, ಅವುಗಳ ಹಕ್ಕು ಎಲ್ಲಾ ಖರೀದಿ ಮಾಡಿದ್ಲು. ಇದು ನಮ್ಮದು ಅಂತ ಯಾವ ಕಂಪನಿನೂ ಮುಂದ ಬರಬಾರದು ಅಂತ ವಕೀಲರನ್ನ ಇಟ್ಲು. ಅವಾಗ ಮಂದಿ ಏನು ಅಂದಿರಬಹುದು ನೀವ ವಿಚಾರ ಮಾಡ್ರಿ. ತಲಿ ಮ್ಯಾಲೆ ಸಾಲ, ಮೂರು ಹೆಣ್ಣುಮಕ್ಕಳು, ಇಕಿ ನೋಡಿದ್ರ ಹಳೇ ಟೇಪಿಗೆ ದುಡ್ಡು ಸುರೀಲಿಕತ್ತಾಳ. ನಮ್ಮ ಓಣ್ಯಾಗ ಆಗಿದ್ರ ಕಟ್ಟಿ ಮ್ಯಾಲೆ ಎರಡು ವಾರ ಅದ ಮಾತು ಇರತಿತ್ತು.

ಎಲ್ಲಾ ಸಿಗಲಿಲ್ಲ ಮತ್ತ. ಡ್ಯೂಮಾಂಟ್ ಅಂತ ಒಂದು ಹಳೇ ಟಿವಿ ಕಂಪನಿ ಇತ್ತು, ಅರ್ನಿ ಅಲ್ಲೂ ಕೆಲಸ ಮಾಡಿದ್ದ. ಅದು 1956ರಾಗ ಮುಚ್ಚಿತು. ಅದರ ಫಿಲ್ಮುಗಳು ಒಂದು ಕಡೆ ಬಿದ್ದಿದ್ವು. 1996ರಾಗ ಟಿವಿಯ ಹಳೇ ಕಾರ್ಯಕ್ರಮ ಉಳಿಸೋ ಬಗ್ಗೆ ಸರಕಾರದವರು ಸಭಾ ಕರದಾಗ ಈಡಿ ಎದ್ದು ಅದರ ಗತಿ ಹೇಳಿದ್ಲು. ಇಷ್ಟು ಸಾಮಾನು ಇಡೋ ಖರ್ಚು ಯಾರು ಕೊಡಬೇಕು ಅಂತ ಜಗ್ಗಾಟ ನಡದಿತ್ತಂತ. 1970ರ ದಶಕದ ಶುರುವಿನಾಗ ಒಂದು ರಾತ್ರಿ ಮೂರು ದೊಡ್ಡ ಲಾರಿ ತುಂಬಿಸಿ, ದೋಣಿಗೆ ಹಾಕಿ, ನ್ಯೂಯಾರ್ಕಿನ ಕೊಲ್ಲಿಯೊಳಗ ಮುಳುಗಿಸಿಬಿಟ್ರಂತ. ಗಣಪತಿ ಕಳಿಸಿದಂಗ! ಅಕಿ ಅದನ್ನ ಹೇಳಿದ್ದಕ್ಕನ ಇವತ್ತು ಜಗತ್ತಿಗೆ ಅದು ಗೊತ್ತದ. ಅಂದ್ರ ಉಳದದ್ದರ ಲೆಕ್ಕ ಅಷ್ಟ ಅಲ್ಲ, ಹೋದದ್ದರ ಲೆಕ್ಕಾನೂ ಇಕಿನ ಇಟ್ಟಾಳ.

ಅಕಿ ಉಳಿಸಿದ್ದರಿಂದ 1977ರಾಗ ಅಮೆರಿಕಾದ ಸಾರ್ವಜನಿಕ ಟಿವಿಯೊಳಗ ಅರ್ನಿ ಮತ್ತ ಬಂದ. ಅಂವ ಹೋಗಿ 15 ವರ್ಷ ಆಗಿತ್ತು, ಅಂವನ ಹೆಸರನ್ನ ಕೇಳದಿದ್ದ ಹುಡುಗರು ಬಿದ್ದು ಬಿದ್ದು ನಕ್ರು. 1982ರಾಗ ಈಡಿಗೆ ಇನ್ನೊಂದು ಪೆಟ್ಟು. ಹೊಟ್ಟಿಲೆ ಹುಟ್ಟಿದ ಆ ಮಗಳೂ ಕಾರಿನ ಅಪಘಾತದಾಗನ ಹೋದ್ಲು. ಆದ್ರೂ ಅಕಿ ಟೇಪು ಕಾಯೋದು ಬಿಡಲಿಲ್ಲ. 2008ರಾಗ ತಾನೂ ತೀರಿಕೊಂಡ್ಲು. ಮುಂದಿನ ಮದುವಿಯಿಂದ ಆದ ಮಗ ಆ ಕೆಲಸ ಕೈಗೆ ತಗೊಂಡ. ಕಡೀಕೆ 2015ರಾಗ ಅಮೆರಿಕಾದ ದೊಡ್ಡ ಸರಕಾರಿ ಗ್ರಂಥಾಲಯ, ಲೈಬ್ರರಿ ಆಫ್ ಕಾಂಗ್ರೆಸ್, ಇಡೀ ಸಂಗ್ರಹಾನ ತಗೊಂತು. ಫಿಲ್ಮು, ಟೇಪು, ಮನಿ ಮಂದಿ ತಗದ ಚಿತ್ರ ಎಲ್ಲಾ ಸೇರಿ 1,200ಕ್ಕೂ ಹೆಚ್ಚು. ಅದರಾಗ ಈಡಿ ತಾನು ನಡಿಸಿದ ಕಾರ್ಯಕ್ರಮಗಳೂ ಅವ. ಗಂಡಂದು ಕಾಯಕೋತ ತಂದೂ ಕಾಯಕೊಂಡಿದ್ಲು, ಅದೂ ಛಲೋ ಆತು.

ಎಲ್ಲಾ ಕಡೆನೂ ಹಿಂಗ ದೈವ ಕೂಡಿ ಬರಂಗಿಲ್ಲ. ಇಂಗ್ಲೆಂಡಿನಾಗ ಪೀಟರ್ ಕುಕ್ ಮತ್ತ ಡಡ್ಲಿ ಮೂರ್ ಅಂತ ಹಾಸ್ಯಗಾರರ ಜೋಡಿ ಇತ್ತು. ಬಿಬಿಸಿಯವರು ಟೇಪು ಅಳಸ್ತಾರ ಅಂತ ತಿಳದಾಗ ಕುಕ್ ತಾನ ದುಡ್ಡು ಕೊಡ್ತೀನಿ, ಉಳಿಸ್ರಿ ಅಂದ. ಅವರು ಒಪ್ಪಲಿಲ್ಲ, ಭಾಳಷ್ಟು ಹೋಗಿಬಿಟ್ವು. ಅದೇ ದೇಶದಾಗ ಎರಿಕ್ ಮೋರ್‌ಕಂಬ್ ಅನ್ನೋ ಹಾಸ್ಯಗಾರ 1984ರಾಗ ತೀರಿಕೊಂಡಿದ್ದ. ಅಂವ ಮತ್ತ ಅಂವನ ಜೋಡಿ ಅರ್ನಿ ವೈಸ್ 1970ರಾಗ ಮಾಡಿದ್ದ ಒಂದು ಕಂತು ಕಳದೇ ಹೋಗೇದ ಅಂತ ಎಲ್ಲಾರೂ ಕೈಬಿಟ್ಟಿದ್ರು. ಕಡೀಕೆ ಅದರ ಫಿಲ್ಮು ಸಿಕ್ಕಿದ್ದು ಎಲ್ಲಿ ಅಂತೀರಿ? ಅವರ ಮನಿ ಅಟ್ಟದ ಮ್ಯಾಲೆ. ಮಗ ಹುಡುಕಿ ತಗದ. 2021ರ ಕ್ರಿಸ್‌ಮಸ್ ದಿವಸ ಬಿಬಿಸಿಯವರ ಅದನ್ನ ತೋರಿಸಿದ್ರು. ದೊಡ್ಡ ಕಂಪನಿಯ ಭಂಡಾರದಾಗ ಇಲ್ಲದ್ದು ಮನಿ ಅಟ್ಟದಾಗ ಇತ್ತು ನೋಡ್ರಿ.

ಅದಕ್ಕ ಮನಿ ಅಟ್ಟ ಅಂದ್ರ ಹಗುರ ತಿಳೀಬ್ಯಾಡ್ರಿ. ನಮ್ಮ ಮನಿಗಳೊಳಗೂ 80, 90ರ ದಶಕದ ಮದುವಿ, ಮುಂಜ್ವಿ ಕ್ಯಾಸೆಟ್ಟು ಇರತಾವ. ಅದರಾಗ ಪಂಕ್ತಿಯೊಳಗ ಕೂತು ಚ್ಯಾಷ್ಟಿ ಮಾಡೋ ಕಾಕಾ ಇರತಾನ, ಉಖಾಣೆ ಹಾಕಿ ಎಲ್ಲಾರನ್ನೂ ನಗಸೋ ಮೌಶಿ ಇರತಾಳ. ಅವರು ಟಿವಿಯಾಗ ಬಂದವರಲ್ಲ, ಅವರ ನಗು ತಗೊಂಡು ಹೋಗಿ ಇಡಲಿಕ್ಕೆ ಯಾವ ಗ್ರಂಥಾಲಯಾನೂ ಬರಂಗಿಲ್ಲ. ಮಳಿಗಾಲದ ಥಂಡಿಗೆ ಕ್ಯಾಸೆಟ್ಟಿಗೆ ಬೂಸ್ಟು ಹಿಡೀತದ. ಬೂಸ್ಟು ಬಂದದ್ದನ್ನ ಹಂಗ ಮಷಿನ್ನಿಗೆ ಹಾಕಬ್ಯಾಡ್ರಿ, ಟೇಪು ಹರೀತದ, ಮಷಿನ್ನೂ ಕೆಡತದ. ಗೊತ್ತಿದ್ದವರ ಹತ್ರ ಸ್ವಚ್ಛ ಮಾಡಿಸಿ ಕಂಪ್ಯೂಟರಿಗೆ ಹಾಕಿಸ್ರಿ. ಹಾಕಿಸಿದ ಮ್ಯಾಲೆ ಒಂದ ಕಡೆ ಇಡಬ್ಯಾಡ್ರಿ, ಅಕ್ಕ ತಂಗ್ಯಾರಿಗೆ ಒಂದೊಂದು ಕೊಡ್ರಿ. ಯಾರದು, ಯಾವ ವರ್ಷದ್ದು, ಅದರಾಗ ಯಾರ್‍ಯಾರು ಇದ್ದಾರ ಅಂತ ಚೀಟಿ ಬರದು ಹಚ್ಚರಿ. ಹೆಸರು ಹೇಳೋ ಹಿರೇರು ಇರೋದ್ರಾಗ ಈ ಕೆಲಸ ಆಗಬೇಕು.

ವೈನಿ, ಮೌಶಿ, ಬಾಜೂ ಮನಿಯವರು, ಎಲ್ಲಾರೂ ಈ ದೀಪಾವಳಿಗೆ ಅಟ್ಟ ಝಾಡಸೋವಾಗ ಒಂದು ಕ್ಯಾಸೆಟ್ಟರ ಕೆಳಗ ಇಳಿಸ್ರಿ. ಏನು ಸಿಕ್ತು ಅಂತ ನನಗ ತಿಳಸ್ರಿ.