ಸೈತಾನನ ವಕೀಲ ಯಾರು?

ನವೆಂಬರ್ 1ರಂದು ನಾವು ಸಕಲ ಸಂತರ ಹಬ್ಬವನ್ನು ಆಚರಿಸುತ್ತೇವೆ. ಸಂತ ಪದವಿಯ ವಿಚಾರಣೆಯಲ್ಲೇ ಹುಟ್ಟಿ, ಇಂದು ಲೋಕದವರೆಲ್ಲರ ಬಾಯಲ್ಲಿ ಬಳಕೆಯಾಗುವ ಇಂಗ್ಲಿಷ್ ಮಾತೊಂದಿದೆ: 'ಡೆವಿಲ್ಸ್ ಅಡ್ವೊಕೇಟ್', ಅಂದರೆ ಸೈತಾನನ ವಕೀಲ. ತಾನು ನಂಬದಿದ್ದರೂ, ಒಂದು ವಾದ ಗಟ್ಟಿಯೋ ಪೊಳ್ಳೋ ಎಂದು ನೋಡಲು ಎದುರು ಮಾತನಾಡುವವರನ್ನು ಹೀಗೆ ಕರೆಯುತ್ತಾರೆ.

ಇದು ಧರ್ಮಸಭೆಯಲ್ಲಿ ನಿಜವಾಗಿಯೂ ಇದ್ದ ಹುದ್ದೆ. ಜಗದ್ಗುರು ಐದನೇ ಸಿಕ್ಸ್ತುಸ್ 1588ರಲ್ಲಿ ಸಂತ ಪದವಿಯ ವಿಚಾರಣೆಗಾಗಿ ರೋಮಿನಲ್ಲಿ ಒಂದು ಪೀಠವನ್ನು ಸ್ಥಾಪಿಸಿದರು. ಅಲ್ಲಿ ಒಬ್ಬ ಅಧಿಕಾರಿ ಸಾಕ್ಷಿಗಳ ಮಾತನ್ನೂ ಪವಾಡಗಳ ಪುರಾವೆಯನ್ನೂ ಶೋಧಿಸಿ, ಲೋಪಗಳನ್ನು ಎತ್ತಿ ತೋರಿಸಬೇಕಿತ್ತು. ಜನ ಅವರಿಗೆ ಸೈತಾನನ ವಕೀಲ ಎಂದು ಅಡ್ಡಹೆಸರಿಟ್ಟರು. ಆದರೆ ಅವರ ನಿಜವಾದ ಪದನಾಮ 'ಪ್ರೊಮೋಟರ್ ಫಿದೇಯಿ', ಅಂದರೆ ವಿಶ್ವಾಸದ ಪೋಷಕ!

18ನೇ ಶತಮಾನದ ಆರಂಭದಲ್ಲಿ ಪ್ರಾಸ್ಪೆರೊ ಲಾಂಬೆರ್ತಿನಿ ಎಂಬ ಗುರುಗಳು ಸುಮಾರು 20 ವರ್ಷ ಈ ಹುದ್ದೆಯಲ್ಲಿದ್ದರು. ಪ್ರಾರ್ಥನೆಯಲ್ಲಿ ಪರವಶರಾಗಿ ನೆಲದಿಂದ ಮೇಲೇಳುತ್ತಿದ್ದರೆಂದು ಹೇಳಲಾದ ಕುಪರ್ಟಿನೊದ ಜೋಸೆಫರ ವಿಷಯ ಬಂದಾಗ ಅವರು ಕಠಿಣ ಆಕ್ಷೇಪಣೆಗಳನ್ನೆತ್ತಿದರು. ಅದೇ ಲಾಂಬೆರ್ತಿನಿ 1740ರಲ್ಲಿ ಹದಿನಾಲ್ಕನೇ ಬೆನೆಡಿಕ್ಟ್ ಎಂಬ ಹೆಸರಿನಲ್ಲಿ ಜಗದ್ಗುರುಗಳಾದರು. 1753ರಲ್ಲಿ ಜೋಸೆಫರನ್ನು ಪುನೀತರೆಂದು ಘೋಷಿಸಿದವರೂ ಅವರೇ. ಪ್ರಶ್ನೆ ಕೇಳಿದ ಬಾಯಿಯೇ ಸಾಕ್ಷ್ಯಕ್ಕೆ ತಲೆಬಾಗಿ ಹೌದೆಂದಿತು.

1983ರಲ್ಲಿ ಜಗದ್ಗುರು ಎರಡನೇ ಜಾನ್ ಪಾಲರು ವಿಚಾರಣೆಯ ಕ್ರಮವನ್ನು ಬದಲಿಸಿದರು. ನ್ಯಾಯಾಲಯದಂತಹ ವಾದ-ಪ್ರತಿವಾದ ಕಡಿಮೆಯಾಯಿತು. ಚರಿತ್ರೆಯ ಅಧ್ಯಯನಕ್ಕೆ ಹೆಚ್ಚು ಮಹತ್ವ ಬಂತು. ಪರೀಕ್ಷೆ ಮಾತ್ರ ನಿಲ್ಲಲಿಲ್ಲ. ಮದರ್ ತೆರೇಸಾರ ವಿಚಾರಣೆಯಲ್ಲಿ ಅವರ ಕಟು ಟೀಕಾಕಾರರಾಗಿದ್ದ ಪತ್ರಕರ್ತ ಕ್ರಿಸ್ಟೋಫರ್ ಹಿಚನ್ಸ್ ಅವರನ್ನೂ ಕರೆದು ಕೇಳಲಾಯಿತು. ತೆರೇಸಾರು 2003ರಲ್ಲಿ ಪುನೀತರಾದರು, 2016ರಲ್ಲಿ ಸಂತರಾದರು.

ಈಗ ನಮ್ಮ ಮನೆಗಳನ್ನೂ ಧರ್ಮಕೇಂದ್ರದ ಸಭೆಗಳನ್ನೂ ನೋಡೋಣ. ಲೆಕ್ಕ ಕೇಳಿದವರನ್ನು, "ಇದು ಸರಿಯೇ?" ಎಂದವರನ್ನು ನಾವು ವೈರಿಗಳಂತೆ ಕಾಣುವುದಿಲ್ಲವೇ? ಇನ್ನು ಕೆಲವರು ಎಲ್ಲಕ್ಕೂ ಕೊಂಕು ತೆಗೆದು, "ನಾನು ಸೈತಾನನ ವಕೀಲನಷ್ಟೆ" ಎಂದು ಜಾರಿಕೊಳ್ಳುತ್ತಾರೆ. ಇವೆರಡೂ ಆ ಹುದ್ದೆಯ ಅರ್ಥವಲ್ಲ. ಸತ್ಯಕ್ಕಾಗಿ ಕೇಳಬೇಕು, ಉತ್ತರ ಸಿಕ್ಕಾಗ ಸಂತೋಷದಿಂದ ಒಪ್ಪಬೇಕು. ಎಲ್ಲವನ್ನೂ ಪರಿಶೋಧಿಸಿ ಒಳಿತನ್ನು ಉಳಿಸಿಕೊಳ್ಳುವಂತೆ ಸಂತ ಪೌಲರು ಥೆಸಲೋನಿಕದವರಿಗೆ ಬರೆದದ್ದೂ ಇದನ್ನೇ. ಅಂಥ ಪ್ರಶ್ನೆಯನ್ನು ಕೇಳುವ ಧೈರ್ಯವನ್ನೂ, ಕೇಳಿಸಿಕೊಳ್ಳುವ ತಾಳ್ಮೆಯನ್ನೂ ಸಕಲ ಸಂತರ ಪ್ರಾರ್ಥನೆಯ ಮೂಲಕ ಬೇಡಿಕೊಳ್ಳೋಣ.