ಕೋವಿ ನಳಿಗೆಯ ಅಳತೆ

ಕೋವಿ ನಳಿಗೆಯ ಅಳತೆ ಎಂದರೆ ಚರೆ ಹಾರಿಸುವ, ಒಳಮೈ ನುಣುಪಾಗಿರುವ ಕೋವಿಗಳ ನಳಿಗೆಯ ಒಳವ್ಯಾಸವನ್ನೂ ಗೋಡೆಯ ದಪ್ಪವನ್ನೂ ಸೂಕ್ತ ಮಾಪಕಗಳಿಂದ ಕಂಡುಕೊಳ್ಳುವ ಕ್ರಮ. ಹಳೆಯ ಕೋವಿಯೊಂದು ಈಡು ಹಾರಿಸಲು ಯೋಗ್ಯವೇ ಎಂಬುದನ್ನು ನಿರ್ಣಯಿಸುವಲ್ಲಿ ಈ ಎರಡು ಅಳತೆಗಳು ಮುಖ್ಯವಾಗಿವೆ. ಹೊರಗಿನಿಂದ ಹೊಳೆಯುವ ನಳಿಗೆಯ ಗೋಡೆಯೂ ಒಳಗೆ ಸವೆದು ತೆಳುವಾಗಿರಬಹುದು. ಅಂತಹ ನಳಿಗೆಯು ತೋಟಾದ ಒತ್ತಡಕ್ಕೆ ಸೀಳಿದರೆ ಮುಂಗೈ ಹಾಗೂ ಕಣ್ಣಿಗೆ ಅಪಾಯವುಂಟಾಗುತ್ತದೆ.

ಬೋರ್ ಸಂಖ್ಯೆಯ ಅರ್ಥ

ಕೋವಿಯ ಬೋರ್ ಸಂಖ್ಯೆಯು ನೇರ ಅಳತೆಯಲ್ಲ. ನಳಿಗೆಯ ಒಳವ್ಯಾಸದಷ್ಟೇ ವ್ಯಾಸವುಳ್ಳ ಸೀಸದ ಗುಂಡುಗಳು ಎಷ್ಟು ಸೇರಿದರೆ ಒಂದು ಪೌಂಡ್ ತೂಗುತ್ತವೆಯೋ ಅದೇ ಬೋರ್ ಸಂಖ್ಯೆ. ಆದುದರಿಂದ ಸಂಖ್ಯೆ ಹೆಚ್ಚಿದಂತೆ ನಳಿಗೆ ಕಿರಿದಾಗುತ್ತದೆ. ಸಾಂಪ್ರದಾಯಿಕ ಅಳತೆಗಳು ಹೀಗಿವೆ:

10 ಬೋರ್ – 0.775 ಅಂಗುಲ (19.7 ಮಿ.ಮೀ.)
12 ಬೋರ್ – 0.729 ಅಂಗುಲ (18.5 ಮಿ.ಮೀ.)
16 ಬೋರ್ – 0.662 ಅಂಗುಲ (16.8 ಮಿ.ಮೀ.)
20 ಬೋರ್ – 0.615 ಅಂಗುಲ (15.6 ಮಿ.ಮೀ.)

ನಾಲ್ಕುನೂರ ಹತ್ತು ಎಂದು ಕರೆಯುವ ಚಿಕ್ಕ ಕೋವಿ ಇದಕ್ಕೆ ಅಪವಾದ. ಅದರ ಹೆಸರೇ 0.410 ಅಂಗುಲದ ವ್ಯಾಸವನ್ನು ಸೂಚಿಸುತ್ತದೆ. ಕೋವಿ ತಯಾರಕರು ಸಣ್ಣ ಅಳತೆಗಳನ್ನು ಅಂಗುಲದ ಸಾವಿರದ ಒಂದು ಭಾಗದಲ್ಲಿ ಹೇಳುವುದು ರೂಢಿ. ಅಂತಹ ಒಂದು ಭಾಗವು 0.0254 ಮಿ.ಮೀ.ಗೆ ಸಮ.

ಪರೀಕ್ಷಾ ಮುದ್ರೆಗಳು

ಬ್ರಿಟನ್ನಿನಲ್ಲಿ ಕೋವಿಗಳನ್ನು ಮಾರುವ ಮೊದಲು ಅಧಿಕ ಒತ್ತಡದ ಈಡಿನಿಂದ ಪರೀಕ್ಷಿಸಿ ನಳಿಗೆಯ ಮೇಲೆ ಮುದ್ರೆ ಒತ್ತುವ ಪದ್ಧತಿಯಿದೆ. ಲಂಡನ್ನಿನ ಗನ್‌ಮೇಕರ್ಸ್ ಕಂಪನಿಗೆ 1637ರಲ್ಲಿ ಸನ್ನದು ದೊರೆಯಿತು. ಬರ್ಮಿಂಗ್‌ಹ್ಯಾಮ್ ಪರೀಕ್ಷಾಗೃಹವು 1813ರ ಕಾಯಿದೆಯಿಂದ ಸ್ಥಾಪನೆಯಾಯಿತು. ಹಿಂತುದಿಯಿಂದ 9 ಅಂಗುಲ ಒಳಗೆ ಅಳೆದ ವ್ಯಾಸವನ್ನು ನಳಿಗೆಯ ಮೇಲೆ ಗುರುತಿಸಲಾಗುತ್ತಿತ್ತು.

1954ರ ನಿಯಮಗಳಿಗೆ ಹಿಂದಿನ ಕೋವಿಗಳಲ್ಲಿ ಈ ಗುರುತು 13, 13/1, 12, 12/1 ಎಂಬ ರೂಪದಲ್ಲಿರುತ್ತದೆ. ಇವು ಕ್ರಮವಾಗಿ 0.710, 0.719, 0.729 ಮತ್ತು 0.740 ಅಂಗುಲದ ಮಾಪಕಗಳು. ಒಳಗೆ ಇಳಿದ ಮಾಪಕಗಳಲ್ಲಿ ಅತಿ ದೊಡ್ಡದರ ಸಂಖ್ಯೆಯನ್ನು ಒತ್ತಲಾಗುತ್ತಿತ್ತು. ಹೀಗಾಗಿ 12 ಎಂದು ಗುರುತಿರುವ ನಳಿಗೆಯು ಪರೀಕ್ಷೆಯ ದಿನ 0.729ಕ್ಕೆ ಕಡಿಮೆಯಿಲ್ಲದೆ, 0.740ನ್ನು ಮುಟ್ಟದೆ ಇತ್ತೆಂದು ಮಾತ್ರ ತಿಳಿಯುತ್ತದೆ. ನಂತರದ ಕೋವಿಗಳಲ್ಲಿ ವ್ಯಾಸವನ್ನು ದಶಮಾಂಶದಲ್ಲಿಯೇ ಬರೆಯಲಾಯಿತು. ಗುರುತಿಸಿದ ಅಳತೆಗಿಂತ ಸಾವಿರದ 10 ಭಾಗಕ್ಕೂ (0.25 ಮಿ.ಮೀ.) ಹೆಚ್ಚು ಹಿಗ್ಗಿದ ನಳಿಗೆಯನ್ನು ಪರೀಕ್ಷೆಯ ವ್ಯಾಪ್ತಿ ಮೀರಿದುದೆಂದು ಪರಿಗಣಿಸುವುದು ಸಾಂಪ್ರದಾಯಿಕ ನಿಯಮ.

ಗೋಡೆಯ ದಪ್ಪಕ್ಕೆ ಬ್ರಿಟಿಷ್ ಪರೀಕ್ಷಾ ನಿಯಮದಲ್ಲಿ ಇಂತಹ ಮಿತಿಯಿಲ್ಲ. ಆದರೆ ಅತ್ಯಂತ ತೆಳುವಾದ ಭಾಗದಲ್ಲಿಯೂ ಸಾವಿರದ 20 ಭಾಗ, ಅಂದರೆ ಸುಮಾರು 0.5 ಮಿ.ಮೀ. ಇರಬೇಕೆಂಬುದು ಕೋವಿ ರಿಪೇರಿಗಾರರ ಸಾಮಾನ್ಯ ಅಭಿಪ್ರಾಯ. ಒತ್ತಡ ಹೆಚ್ಚಿರುವ ಹಿಂತುದಿಯ ಸಮೀಪದಲ್ಲಿ ಇದಕ್ಕಿಂತ ಬಹಳ ಹೆಚ್ಚು ದಪ್ಪ ಅವಶ್ಯ.

ಒಳವ್ಯಾಸದ ಮಾಪಕಗಳು

ವರ್ನಿಯರ್ ಕ್ಯಾಲಿಪರ್: ಇದರ ಒಳದವಡೆಗಳು ನಳಿಗೆಯ ಬಾಯಿಯ ಒಳಗೆ ಸ್ವಲ್ಪ ದೂರ ಮಾತ್ರ ಹೋಗುತ್ತವೆ. ಚೋಕ್ ಇರುವ ನಳಿಗೆಯ ಬಾಯಿ ಕಿರಿದಾಗಿರುವುದರಿಂದ ಇಲ್ಲಿ ದೊರೆಯುವುದು ಬಾಯಿಯ ಅಳತೆಯೇ ಹೊರತು ಬೋರಿನ ಅಳತೆಯಲ್ಲ. ದವಡೆಯ ಅಂಚು ಚಪ್ಪಟೆಯಾಗಿದ್ದರೆ ನಿಜವಾದ ವ್ಯಾಸಕ್ಕಿಂತ ಕಡಿಮೆ ತೋರುವುದೂ ಉಂಟು.

ಚೋಕ್ ಮಾಪಕ: ಬಾಯಿಗೆ ಇಳಿಬಿಡುವ, ಗೆರೆ ಕೊರೆದ ಲೋಹದ ತುಂಡು. ಇದು ಅಗ್ಗ, ಆದರೆ ತಪ್ಪು ತಿಳಿವಳಿಕೆಗೆ ದಾರಿ ಮಾಡುತ್ತದೆ. ಚೋಕ್ ಎಂಬುದು ಬೋರ್ ಮತ್ತು ಬಾಯಿಯ ವ್ಯಾಸಗಳ ವ್ಯತ್ಯಾಸ. ಬಾಯಿ 17.8 ಮಿ.ಮೀ. ಇರುವ ಎರಡು ಕೋವಿಗಳಲ್ಲಿ ಒಂದರ ಬೋರ್ 18.5, ಇನ್ನೊಂದರದು 18.8 ಆಗಿದ್ದರೆ ಚೋಕ್ ಕ್ರಮವಾಗಿ 0.7 ಮತ್ತು 1.0 ಮಿ.ಮೀ. ಆಗುತ್ತದೆ. ಮಾಪಕವು ಎರಡನ್ನೂ ಒಂದೇ ಎಂದು ತೋರಿಸುತ್ತದೆ.

ಉದ್ದ ಕಾಂಡದ ಡಯಲ್ ಬೋರ್ ಗೇಜ್: ಈ ಕೆಲಸಕ್ಕೆ ಯೋಗ್ಯವಾದ ಮಾಪಕ. ತುದಿಯ ಸ್ಪರ್ಶಬಿಂದುಗಳ ಚಲನೆಯನ್ನು ಉದ್ದ ಕಾಂಡವು ಹೊರಗಿನ ಡಯಲಿಗೆ ತಲುಪಿಸುತ್ತದೆ. ಅಳೆಯುವ ಮೊದಲು ವ್ಯಾಸ ಗೊತ್ತಿರುವ ಉಂಗುರದಲ್ಲಿ ಇದನ್ನು ಸೊನ್ನೆಗೆ ಹೊಂದಿಸಬೇಕು. ಮೂರು ಸ್ಪರ್ಶಬಿಂದುಗಳಿರುವುದು ತಾನಾಗಿಯೇ ನಡುವೆ ನಿಲ್ಲುತ್ತದೆ. ಎರಡು ಬಿಂದುಗಳದ್ದನ್ನು ಮೆಲ್ಲಗೆ ಅಲುಗಿಸಿ ಸರಿಯಾದ ಅಡ್ಡಳತೆಯನ್ನು ಹುಡುಕಬೇಕಾದರೂ, ನಳಿಗೆ ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ ಅದನ್ನು ಕಂಡುಹಿಡಿಯಲು ಇದೇ ಉತ್ತಮ.

ಗೋಡೆಯ ದಪ್ಪದ ಮಾಪಕಗಳು

ಹೊರವ್ಯಾಸದಿಂದ ಒಳವ್ಯಾಸವನ್ನು ಕಳೆದು ಎರಡರಿಂದ ಭಾಗಿಸಿದರೆ ದೊರೆಯುವುದು ಸರಾಸರಿ ದಪ್ಪ ಮಾತ್ರ. ಹೊರವ್ಯಾಸ 20.5, ಒಳವ್ಯಾಸ 18.7 ಮಿ.ಮೀ. ಇದ್ದರೆ ಸರಾಸರಿ 0.9 ಮಿ.ಮೀ. ಆಗುತ್ತದೆ. ಆದರೆ ರಂಧ್ರವು ನಡುವಿನಿಂದ 0.3 ಮಿ.ಮೀ. ಸರಿದಿದ್ದರೆ ಒಂದು ಬದಿ 1.2, ಇನ್ನೊಂದು ಬದಿ 0.6 ಆಗಿರುತ್ತದೆ. ನಳಿಗೆ ಸೀಳುವುದು ತೆಳುವಾದ ಕಡೆಯಲ್ಲಿ. ಆದುದರಿಂದ ಗೋಡೆಯನ್ನು ನೇರವಾಗಿಯೇ ಅಳೆಯಬೇಕು.

ಇದಕ್ಕೆಂದೇ ಇರುವ ಮಾಪಕದಲ್ಲಿ ತುದಿಗೆ ಚಿಕ್ಕ ಉಕ್ಕಿನ ಗುಂಡಿರುವ ಉದ್ದ ಸರಳು ನಳಿಗೆಯ ಒಳಗೆ ನಿಲ್ಲುತ್ತದೆ. ಹೊರಗೆ ಅದಕ್ಕೆ ಎದುರಾಗಿ ಡಯಲ್ ಸೂಚಕವಿರುತ್ತದೆ. ಸರಳು ಬಾಗಿದರೆ ಅಳತೆ ತಪ್ಪುವುದರಿಂದ ಅದು ಗಡುಸಾಗಿರಬೇಕು. ಪ್ರತಿ ಬಾರಿ ಗುಂಡು ಮತ್ತು ಸೂಚಕದ ಮೊನೆಯನ್ನು ತಾಗಿಸಿ ಸೊನ್ನೆಯನ್ನು ಪರೀಕ್ಷಿಸಬೇಕು. ಜೋಡಿ ನಳಿಗೆಯ ಕೋವಿಯಲ್ಲಿ ನಳಿಗೆಗಳು ಬೆಸೆದಿರುವ ಒಳಬದಿಗೆ ಸೂಚಕ ತಲುಪದು.

ಶಬ್ದಾತೀತ ತರಂಗಗಳಿಂದ ದಪ್ಪ ಅಳೆಯುವ ಯಂತ್ರಗಳು ಹೊರಗಿನಿಂದಲೇ ಕೆಲಸ ಮಾಡುತ್ತವೆ. ಆದರೆ ಸಾಮಾನ್ಯ ಯಂತ್ರಗಳನ್ನು ದಪ್ಪ ತಗಡು, ಕೊಳವೆಗಳಿಗಾಗಿ ರೂಪಿಸಲಾಗಿರುತ್ತದೆ. ಅರ್ಧ ಮಿ.ಮೀ. ಸಮೀಪದ ಬಾಗಿದ ಗೋಡೆಗೆ ಚಿಕ್ಕ ಶೋಧಕ ಹಾಗೂ ಅದೇ ಲೋಹದ ಮಾದರಿಯಿಂದ ಹೊಂದಾಣಿಕೆ ಅವಶ್ಯ.

ಅಳೆಯುವ ಕ್ರಮ

ಕೋವಿ ಖಾಲಿಯಿದೆಯೆಂದು ಖಚಿತಪಡಿಸಿಕೊಂಡು, ನಳಿಗೆಯನ್ನು ಬೇರ್ಪಡಿಸಿ, ಒಳಗಿನ ಸೀಸ ಮತ್ತು ಮಸಿಯನ್ನು ತೆಗೆದ ಮೇಲೆ ಅಳತೆ ಆರಂಭವಾಗುತ್ತದೆ. ಹಿಂತುದಿಯಿಂದ 9 ಅಂಗುಲದ ಸ್ಥಳವನ್ನು ಮೊದಲು ಅಳೆದು, ಬಳಿಕ ಉದ್ದಕ್ಕೂ ಸಮಾನ ಅಂತರದಲ್ಲಿ, ಸುತ್ತಲೂ ಹಲವು ಕಡೆ ಅಳೆದು ಬರೆದಿಡಲಾಗುತ್ತದೆ. ಮಾಪಕದ ಸೂಕ್ಷ್ಮತೆಯು ನಿರ್ಣಯಿಸಬೇಕಾದ ಮಿತಿಯ ಹತ್ತನೆಯ ಒಂದು ಭಾಗವಾದರೂ ಇರಬೇಕೆಂಬ ರೂಢಿಯ ಪ್ರಕಾರ ಇಲ್ಲಿ 0.01 ಮಿ.ಮೀ. ತೋರುವ ಡಯಲ್ ಸಾಕು. ಹವೆಯ ಉಷ್ಣತೆಯ ಪರಿಣಾಮ ಇಲ್ಲಿ ನಗಣ್ಯ. 10 ಡಿಗ್ರಿ ಸೆಲ್ಸಿಯಸ್ ಏರಿಕೆಯಿಂದ 12 ಬೋರಿನ ವ್ಯಾಸವು ಸುಮಾರು 0.002 ಮಿ.ಮೀ. ಮಾತ್ರ ಹಿಗ್ಗುತ್ತದೆ. ತುಕ್ಕಿನ ಕುಳಿಗಳ ತಳಕ್ಕೆ ಮಾಪಕದ ಗುಂಡು ಇಳಿಯದಿರಬಹುದಾದ್ದರಿಂದ ಅಲ್ಲಿ ನಿಜವಾದ ದಪ್ಪವು ತೋರಿದುದಕ್ಕಿಂತ ಕಡಿಮೆಯೆಂದೇ ತಿಳಿಯಬೇಕು.

ಕರ್ನಾಟಕದಲ್ಲಿ

1857ರಲ್ಲಿ ಬ್ರಿಟಿಷರು ಆಯುಧಗಳನ್ನು ಒಪ್ಪಿಸುವಂತೆ ವಿಧಿಸಿದಾಗ ಮುಧೋಳದ ಸಮೀಪದ ಹಲಗಲಿಯ ಬೇಡರು ದಂಗೆಯೆದ್ದರು. ಇದಕ್ಕೆ ಭಿನ್ನವಾಗಿ ಕೊಡಗಿನವರಿಗೆ 1861ರಲ್ಲಿ ಮಾರ್ಕ್ ಕಬ್ಬನ್ ನಿಶ್ಶಸ್ತ್ರೀಕರಣ ಕಾಯಿದೆಯಿಂದ ವಿನಾಯಿತಿ ನೀಡಿದರು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ಇರುವ ವಿನಾಯಿತಿಯನ್ನು 2019ರಲ್ಲಿ ಕೇಂದ್ರ ಸರ್ಕಾರವು 2029ರವರೆಗೆ ಮುಂದುವರಿಸಿತು. ಕರ್ನಾಟಕ ಉಚ್ಚ ನ್ಯಾಯಾಲಯವು 2021ರಲ್ಲಿ ಇದನ್ನು ಎತ್ತಿಹಿಡಿಯಿತು. ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗಳಿಗೆ ಪೂಜೆ ಸಲ್ಲುತ್ತದೆ. ಪುತ್ತರಿಯಲ್ಲಿ ಕದಿರು ಕೊಯ್ಯುವಾಗ ಈಡು ಹಾರಿಸುವ ವಾಡಿಕೆಯಿದೆ. ತಲೆಮಾರಿನಿಂದ ತಲೆಮಾರಿಗೆ ಬಂದ ಕೋವಿಗಳು ಹೀಗೆ ಈಗಲೂ ಬಳಕೆಯಲ್ಲಿರುವುದರಿಂದ ನಳಿಗೆಯ ಅಳತೆ ಅಲ್ಲಿ ವಿಶೇಷ ಮಹತ್ವ ಪಡೆಯುತ್ತದೆ. ಮಳೆಗಾಲದ ತೇವದಿಂದ ಹಿಡಿದ ತುಕ್ಕನ್ನು ಉಜ್ಜಿ ತೆಗೆದಷ್ಟೂ ಬೋರ್ ಹಿಗ್ಗಿ ಗೋಡೆ ತೆಳುವಾಗುತ್ತದೆ. ಆದುದರಿಂದ ಉಜ್ಜುವ ಮೊದಲೇ ಅಳೆಯುವುದು ವಿಹಿತ.

ರಾಜ್ಯದ ಇತರೆಡೆಗಳಲ್ಲಿ ಕೋವಿ ಹೊಂದಲು 1959ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ಪರವಾನಗಿ ಬೇಕು. ಆತ್ಮರಕ್ಷಣೆ ಅಥವಾ ಕ್ರೀಡೆಗಾಗಿ 20 ಅಂಗುಲಕ್ಕೆ ಕಡಿಮೆಯಿಲ್ಲದ ನಳಿಗೆಯ ನುಣುಪು ಬೋರಿನ ಕೋವಿಯನ್ನೂ, ಬೆಳೆ ರಕ್ಷಣೆಗಾಗಿ ಬಾಯಿಯಿಂದ ಮದ್ದು ತುಂಬುವ ಕೋವಿಯನ್ನೂ ಕಾಯಿದೆಯ 13ನೆಯ ಕಲಂ ಹೆಸರಿಸುತ್ತದೆ. ಕೋವಿಗಳ ರಿಪೇರಿ ಹಾಗೂ ಪರೀಕ್ಷೆಯನ್ನು ವೃತ್ತಿಯಾಗಿ ನಡೆಸಲು 5ನೆಯ ಕಲಂ ಪ್ರಕಾರ ಪ್ರತ್ಯೇಕ ಪರವಾನಗಿ ಅವಶ್ಯ. ನಳಿಗೆಯನ್ನು ಕತ್ತರಿಸಿ ಗಿಡ್ಡಗೊಳಿಸುವುದನ್ನು 6ನೆಯ ಕಲಂ ನಿಯಂತ್ರಿಸುತ್ತದೆ.

ಮಿತಿಗಳು

ಅಳತೆ ಸರಿಯಿದ್ದ ಮಾತ್ರಕ್ಕೆ ಕೋವಿ ಸುರಕ್ಷಿತವೆಂದು ಹೇಳಲಾಗದು. ಲೋಹದ ಬಿರುಕು, ಸಡಿಲವಾದ ಕೀಲು, ತೋಟಾದ ಕೋಣೆಯ ಉದ್ದ ಇವುಗಳನ್ನೂ ನೋಡಬೇಕು. ಕಬ್ಬಿಣ ಹಾಗೂ ಉಕ್ಕಿನ ಪಟ್ಟಿಗಳನ್ನು ಹೆಣೆದು ಬೆಸೆದ ಡಮಾಸ್ಕಸ್ ನಳಿಗೆಗಳಲ್ಲಿ ಅನೇಕವು ಕರಿಮದ್ದಿಗೆ ಮಾತ್ರ ಪರೀಕ್ಷಿತವಾದವು. ಅವುಗಳ ಗೋಡೆ ದಪ್ಪವಾಗಿದ್ದರೂ ಹೊಗೆರಹಿತ ಮದ್ದಿನ ತೋಟಾಗಳಿಗೆ ಯೋಗ್ಯವೆಂದು ಅದರಿಂದ ಸಿದ್ಧವಾಗುವುದಿಲ್ಲ.

ಇವನ್ನೂ ನೋಡಿ

ಕೈಲ್ ಪೊಳ್ದ್
ಹಲಗಲಿ ಬೇಡರ ದಂಗೆ
ವರ್ನಿಯರ್ ಕ್ಯಾಲಿಪರ್