ಬೀಜದೊಳಗಿನ ವತನ

ವಿಜಾಪುರದ ಆದಿಲಶಾಹಿಯ ಕಾಲದಲ್ಲಿ ಜತ್ತ ಸೀಮೆಯ ದೇಶಮುಖಿ ವತನ ಡಫಳೆ ಮನೆತನಕ್ಕೆ ಬಂತು. ಬಾದಶಹರು ಅಳಿದರು, ಮೊಗಲರು ಬಂದು ಹೋದರು, ಕುಂಪಣಿ ಸರಕಾರ ತಳವೂರಿತು. 1827ರಲ್ಲಿ ಸಾಲದ ಸಲುವಾಗಿ ಸಾತಾರೆಯ ಅರಸರು ಜಹಗೀರನ್ನು ಜಪ್ತಿ ಮಾಡಿ 1841ರಲ್ಲಿ ಮರಳಿಸಿದ್ದೂ ಉಂಟು. ಅಂತೂ ವತನ ತಲೆಮಾರಿನಿಂದ ತಲೆಮಾರಿಗೆ ಇಳಿಯುತ್ತ 1948ರ ವಿಲೀನದವರೆಗೆ ನಡೆಯಿತು. ಜತ್ತವನ್ನೊಳಗೊಂಡು ಮರುವರ್ಷ ಹುಟ್ಟಿದ ದಕ್ಷಿಣ ಸಾತಾರಾ ಜಿಲ್ಲೆಗೆ 1960ರಲ್ಲಿ ಸಾಂಗ್ಲಿ ಎಂದು ಹೆಸರಾಯಿತು.

ಈ ನಡುವೆ, 1956–57ರ ಸುಮಾರಿಗೆ, ಮುಂಬಯಿ ರಾಜ್ಯದ ದಕ್ಷಿಣ ಭಾಗದ ಸಜ್ಜೆಗೆ ಎರ್ಗಾಟ್ ಎಂಬ ಶಿಲೀಂಧ್ರರೋಗ ಹತ್ತಿತು. ಹೂಬಿಟ್ಟ ತೆನೆಯಿಂದ ಮೊದಲು ಸಿಹಿ ಅಂಟು ಒಸರುತ್ತದೆ. ಆಮೇಲೆ ಕಾಳಿನ ಜಾಗದಲ್ಲಿ ಗಟ್ಟಿಯಾದ ಕಪ್ಪು ಗಂಟು ಕೂರುತ್ತದೆ. ಅದು ರಾಶಿಯಲ್ಲಿ ಬೆರೆತು, ಹಿಟ್ಟಾಗಿ, ರೊಟ್ಟಿಯಾಗಿ ಹೊಟ್ಟೆ ಸೇರಿತು. ತಿಂದವರಿಗೆ ವಾಂತಿ, ತಲೆಸುತ್ತು, ಮಂಪರು. ಈ ಶಿಲೀಂಧ್ರ ದಂಡೆತ್ತಿ ಬರುವ ಪೈಕಿಯದು. ವರ್ಷವರ್ಷವೂ ಹೊರಗಿನಿಂದಲೇ ಹೂವಿಗೆ ನುಗ್ಗಬೇಕು. ಬೆಳೆ ಕೆಟ್ಟರೆ ಅದಕ್ಕೇನು ನಷ್ಟ?

ಅದರದೇ ಕುಲದ ಇನ್ನೊಂದು ಶಾಖೆ ವತನದಾರಿಕೆ ಮಾಡಿತು. ಎಪಿಕ್ಲೋಯೆ ಎಂಬ ಈ ಶಿಲೀಂಧ್ರಗಳದು ತಂಪು ಸೀಮೆಯ ಹುಲ್ಲುಗಳಲ್ಲಿ ವಾಸ. ಎಳೆಗಳು ಜೀವಕೋಶಗಳ ಸಂದಿಯಲ್ಲಿದ್ದುಕೊಂಡು, ಎಲೆ ಬೆಳೆದಂತೆ ತಾವೂ ಬೆಳೆದು, ತೆನೆಗೇರಿ ಬೀಜದೊಳಗೆ ಇಳಿಯುತ್ತವೆ. ಪರಾಗದಲ್ಲಿ ಹೋಗುವುದಿಲ್ಲ, ಆಸ್ತಿಯೆಲ್ಲ ತಾಯಿಯ ಕಡೆಯಿಂದ. ಗೋದಿಯ ಹೊಲದ ಕಳೆಯಾದ ಲೋಲಿಯಮ್ ಬೀಜದಲ್ಲಿ ಈ ಎಳೆಗಳನ್ನು 1898ರಲ್ಲಿ ಫೋಗ್ಲ್ ಕಂಡರು. ಈಜಿಪ್ತಿನ ಗೋರಿಯೊಂದರಿಂದ ತೆಗೆದ, ಸುಮಾರು 4,000 ವರ್ಷ ಹಳೆಯ ಬೀಜಗಳಲ್ಲೂ ಅವು ಇದ್ದವೆಂದು 1904ರಲ್ಲಿ ಲಿಂಡೌ ತೋರಿಸಿದರು. ಫೆರೋಗಳ ವಂಶ ಮುಗಿದರೂ ಇವುಗಳದು ಮುಗಿಯಲಿಲ್ಲ.

ಆದರೆ ಈ ವಂಶಾವಳಿ ಕಡಿಯುವುದೂ ಸುಲಭ. ಕೆಲವು ಬೀಜಗಳಿಗೆ ಎಳೆ ತಲುಪುವುದಿಲ್ಲ. ಸೆಕೆಯ ಕಣಜದಲ್ಲಿ ಬೀಜಕ್ಕಿಂತ ಮೊದಲು ಶಿಲೀಂಧ್ರವೇ ಸಾಯುತ್ತದೆ. ಡಫಳೆಯವರಿಗೆ ಹೋದ ಜಹಗೀರು ಮರಳಿ ಸಿಕ್ಕಿತು. ಬೀಜದ ದಾರಿಯೊಂದನ್ನೇ ನಂಬಿದ ಶಿಲೀಂಧ್ರಕ್ಕೆ ಹೋದ ಮನೆ ಮರಳಿ ಸಿಗದು. ಆದ್ದರಿಂದ ಅದು ಮನೆಯೊಡೆಯನನ್ನು ಕಾಯಲೇಬೇಕು. ದನಕ್ಕೂ ಹುಳಕ್ಕೂ ಒಗ್ಗದ ವಿಷವನ್ನು ಹುಲ್ಲಿನಲ್ಲಿ ತುಂಬಿಡುತ್ತದೆ. ಅದಿಲ್ಲದ ಹುಲ್ಲಿಗಿಂತ ಅದಿರುವ ಹುಲ್ಲು ಹೆಚ್ಚು ಬೀಜ ಬಿಟ್ಟರೆ, ಅಲ್ಲಲ್ಲಿ ಸೋರಿದ ಆಸ್ತಿ ತುಂಬಿಬರುತ್ತದೆ. ಇದನ್ನು ಸ್ನೇಹವೆನ್ನಲು ನನಗೆ ಮನಸ್ಸಿಲ್ಲ, ಹೊಂದಿಕೊಂಡ ಸ್ವಾರ್ಥವೆನ್ನಬಹುದು.

ನಮ್ಮ ಉಷ್ಣವಲಯದ ಹುಲ್ಲುಗಳಲ್ಲಿ ಇದರ ದಾಯಾದಿ ಬಲಾನ್ಸಿಯಾ ಇದೆ, ನಡತೆ ಮಾತ್ರ ಒರಟು. ಕೊಡಗು, ಮಲೆನಾಡಿನ ಭತ್ತದಲ್ಲಿ ಅದು ತರುವುದು ಊದುಬತ್ತಿ ರೋಗ; ಸೀಡೋವ್ 1914ರಲ್ಲಿ ಶಾಸ್ತ್ರೀಯವಾಗಿ ವರ್ಣಿಸಿದ್ದು ಈ ಶಿಲೀಂಧ್ರವನ್ನೇ. ತೆನೆ ಬಿಡಿಸಿಕೊಳ್ಳುವುದೇ ಇಲ್ಲ. ಬಿಳಿ ಎಳೆಗಳು ಕವಲುಗಳನ್ನೆಲ್ಲ ಒಟ್ಟಿಗೆ ಬಿಗಿದು, ಬೂದುಬಣ್ಣದ ನೆಟ್ಟನೆಯ ಕಡ್ಡಿಯೊಂದು ಹೊರಬರುತ್ತದೆ. ಮೈತುಂಬ ಕರಿಚುಕ್ಕೆ, ಕಾಳು ಒಂದೂ ಇಲ್ಲ. ಬೀಜದಲ್ಲಿ ಬಂದದ್ದೇ ಬೀಜವನ್ನು ನುಂಗುವ ಈ ವತನದಾರ ತನ್ನ ಕುಲಕ್ಕೇ ಕುತ್ತು ತಂದುಕೊಂಡಂತೆ ಕಾಣುತ್ತದೆ. ಆದರೆ ಅದಕ್ಕೆ ಹೊರಗಿನಿಂದ ಹರಡುವ ದಾರಿಯೂ ಉಂಟು, ಬದುವಿನ ಹುಲ್ಲುಗಳಲ್ಲಿ ಬೇರೆ ಮನೆಗಳೂ ಉಂಟು. ಬಿತ್ತನೆಯ ಭತ್ತವನ್ನು 50ರಿಂದ 54 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ 10 ನಿಮಿಷ ಅದ್ದಿ ತೆಗೆದರೆ ಒಳಗಿನ ಶಿಲೀಂಧ್ರ ಸತ್ತು ಮೊಳಕೆ ಉಳಿಯುತ್ತದೆ. ಬದುವಿನ ಹುಲ್ಲನ್ನೂ ಕಿತ್ತು ಸುಡಬೇಕು.